ರಿಂಗ್ ಹೋಗಿರಲಿಲ್ಲ, ಬೆಲ್ಟ್ ಒಂದು ಹಲ್ಲು ತಪ್ಪಿತ್ತು

ನಮ್ಮದು ಹಳೇ ಕಾರ್ಬುರೇಟರ್ ಮಾರುತಿ 800. ಎಂಜಿನ್ ಒಳಗಿಂದ ಬಡಿಯೋಕೆ ಶುರುವಾದಾಗ ಗ್ಯಾರೇಜಿನಲ್ಲಿ 45 ಸಾವಿರ ಕೇಳಿದರು. ಕಾರು ಮಾರಿದರೂ ಅಷ್ಟು ಬರಲ್ಲ. ಬೆಂಗಳೂರಿಗೆ ಹೋಗಿ ಶಿವಾಜಿನಗರದ ಗುಜರಿಯಿಂದ ಅದೇ 796 ಸಿಸಿ ಎಂಜಿನ್ ತಂದೆ, 14 ಸಾವಿರ ಚಿಲ್ಲರೆ. ಬಿಲ್ಲು, ಆ ಎಂಜಿನ್ ಮೊದಲಿದ್ದ ಗಾಡಿಯ ಆರ್‌ಸಿ ನಕಲು ಎರಡನ್ನೂ ಹಠ ಹಿಡಿದು ಇಸ್ಕೊಂಡೆ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಬದಲಾಗಬೇಕಲ್ವಾ, ಆರ್‌ಟಿಒ ಕೆಲಸಕ್ಕೆ ಅವು ಬೇಕೇ ಬೇಕು.

ಇಳಿಸೋದು, ಏರಿಸೋದು ನಿಮಗೆಲ್ಲ ಗೊತ್ತಿರೋದೇ. ಕೊಟ್ಟಿಗೆಯ ತೊಲೆಗೆ ಭಾರ ಎತ್ತೋ ಚೈನ್ ಬ್ಲಾಕ್ ಕಟ್ಟಿದೆ, ದಿನಕ್ಕೆ 300 ಬಾಡಿಗೆ. ಎರಡೇ ದಿನದಲ್ಲಿ ಎಂಜಿನ್ ಕೂತಿತು. ಕ್ಲಚ್ ಪ್ಲೇಟನ್ನು ಸರಿಯಾಗಿ ನಡುವಿಗೆ ತರೋಕೆ ನನ್ನದೇ ಒಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಷ್ಟ ಶುರುವಾಗಿದ್ದು ಕೀ ತಿರುಗಿಸಿದ ಮೇಲೆ. ಸ್ಟಾರ್ಟರ್ ಅರ್ಧ ಸುತ್ತು ನರಳಿ ನಿಲ್ಲುತ್ತಿತ್ತು. ಬ್ಯಾಟರಿ ಸತ್ತಿದೆ ಅಂದುಕೊಂಡು ಹೊಸದು ತಂದೆ, 3,400 ಹೋಯಿತು. ಆದರೂ ಅದೇ ಕಥೆ. ಮೂರನೇ ದಿನ ಮಗನಿಗೆ ಕೀ ಕೊಟ್ಟು ನಾನು ಬಾನೆಟ್ ಒಳಗೆ ಬಗ್ಗಿ ನೋಡುತ್ತಿದ್ದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕ್ಲಚ್ ಕೇಬಲ್ ಮುಟ್ಟಿದರೆ ಕೈ ಚುರ್ ಅಂತು. ಅದು ಬಗ್ಗುವ ಜಾಗದಲ್ಲಿ ಮೇಲಿನ ಕವರ್ ಮೆತ್ತಗಾಗಿ ಹೊಳೆಯುತ್ತಿತ್ತು. ಗೇರ್‌ಬಾಕ್ಸಿನ ಅರ್ಥ್ ಪಟ್ಟಿ ಹಾಕೋದೇ ಬಿಟ್ಟುಹೋಗಿತ್ತು! ಸ್ಟಾರ್ಟರ್ ಎಳೆಯೋ ಕರೆಂಟೆಲ್ಲ ಆ ಸಣ್ಣ ಕೇಬಲ್ ಮೂಲಕ ವಾಪಸ್ ಹೋಗುತ್ತಿತ್ತು. 120 ರೂಪಾಯಿಯ ಪಟ್ಟಿ, ಬೋಲ್ಟ್ ಕೂರುವ ಕಡೆ ಬಣ್ಣ ಕೆರೆದು ಬಿಗಿದೆ. ಒಂದೇ ಸಲಕ್ಕೆ ಗರ್ರ್ ಅಂತ ತಿರುಗಿತು. ಕೇಬಲ್ ಹೊಸದು ಹಾಕಬೇಕಾಯಿತು.

ಆಮೇಲೆ ಕಾರ್ಬುರೇಟರಿನಿಂದ ಪಟಾಕಿ ಸದ್ದು. ಎರಡು ಪ್ಲಗ್ ವೈರ್ ಅದಲು ಬದಲಾಗಿದ್ದವು. ಸಿಲಿಂಡರಿಗೆ ಕಿಡಿ ಹೋಗೋ ಸರದಿ 1-3-2, ಅದನ್ನು ನೋಡಿ ಹಾಕಿದೆ, ಐದು ನಿಮಿಷದ ಕೆಲಸ.

ನನ್ನನ್ನು ಒಂದು ತಿಂಗಳು ಕಾಡಿದ್ದು ಬೇರೆ. ಐಡಲ್‌ನಲ್ಲಿ ಎಂಜಿನ್ ಸುಮಾರಾಗಿ ಓಡುತ್ತಿತ್ತು, ಆದರೆ ಎಳೆತವೇ ಇಲ್ಲ. ಸಮತಟ್ಟು ರಸ್ತೆಯಲ್ಲೂ 60 ದಾಟಿಸೋಕೆ ಒದ್ದಾಟ. ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಹತ್ತಿಸಿದರೆ ಮಾರನಹಳ್ಳಿ ಸಿಗೋ ಮೊದಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಥರ್ಮೋಸ್ಟಾಟ್ ಬದಲಾಯಿಸಿದೆ, ರೇಡಿಯೇಟರ್ ತೊಳೆಸಿದೆ, ಕಾರ್ಬುರೇಟರ್ ಕಿಟ್ ಹಾಕಿದೆ. ಎಲ್ಲ ಸೇರಿ ಹತ್ತಿರ ಹತ್ತಿರ 2,500. ಒಂದು ಚೂರೂ ವ್ಯತ್ಯಾಸ ಆಗಲಿಲ್ಲ.

ಪೆಟ್ರೋಲ್ ಪಂಪ್ ಮೇಲೂ ಅನುಮಾನ ಬಂತು. ಬಾನೆಟ್ ಕೆಳಗೆ ಒಂದು ಲೀಟರ್ ಬಾಟಲಿ ತೂಗುಹಾಕಿ ನೇರವಾಗಿ ಕಾರ್ಬುರೇಟರಿಗೆ ಪೈಪ್ ಕೊಟ್ಟೆ. ಬೆಂಕಿ ಆರಿಸೋ ಸಿಲಿಂಡರ್ ಪಕ್ಕದ ಸೀಟಿನಲ್ಲಿತ್ತು, ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಾಗೆ ಓಡಿಸಿದರೂ ಎಳೆತ ಬರಲಿಲ್ಲ, ಅಂದ್ರೆ ಪಂಪ್ ಚೆನ್ನಾಗಿತ್ತು. ಆದರೆ ಮೈಲೇಜ್ ಲೆಕ್ಕ ಸಿಕ್ಕಿತು: ಲೀಟರಿಗೆ 12, ಇಲ್ಲ 12.5 ಕಿ.ಮೀ. ಈ ಗಾಡಿಗೆ ಅದು ತೀರಾ ಕಡಿಮೆ.

ಮೂವರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಒಬ್ಬರು ಹೆಡ್ ಗ್ಯಾಸ್ಕೆಟ್ ಅಂದರು. ಇನ್ನಿಬ್ಬರು ಪಿಸ್ಟನ್ ರಿಂಗ್ ಹೋಗಿದೆ, ಗುಜರಿ ಎಂಜಿನ್ ಅಂದ್ರೆ ಇಷ್ಟೇ, ಮನೆಯಲ್ಲಿ ಮಾಡೋ ಕೆಲಸ ಅಲ್ಲ ಇದು ಅಂದರು. ಆ ಮಾತು ನನಗೆ ನಾಟಿತು. ಗೇಜ್ ತಂದು ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಒತ್ತಡ ಎಷ್ಟು ಏರುತ್ತೆ ಅಂತ ನೋಡಿದೆ. ಮೂರು ಸಿಲಿಂಡರಿಗೆ 125, 130, 125 ಪಿಎಸ್‌ಐ. ಕಡಿಮೆ ನಿಜ. ಆದರೆ ಮೂರೂ ಒಂದೇ ಸಮ ಕಡಿಮೆ! ರಿಂಗ್ ಸವೆದರೆ ಮೂರೂ ಹೀಗೆ ಲೆಕ್ಕ ಹಾಕಿದಂತೆ ಸವೆಯುತ್ತವಾ? ಪ್ಲಗ್ ತೂತಿನಲ್ಲಿ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಚೆನ್ನಾಗಿ ಏರಬೇಕಿತ್ತು, ಏರಿದ್ದು ಐದೋ ಆರೋ ಅಷ್ಟೇ. ರಿಂಗ್ ಅಲ್ಲ ಅಂತ ಅಲ್ಲೇ ಖಾತ್ರಿ ಆಯಿತು. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಆಯಿಲ್ ಹಾಲಿನಂತೆ ಬೆಳ್ಳಗಾಗಿಲ್ಲ, ಹಾಗಾಗಿ ಗ್ಯಾಸ್ಕೆಟ್ ಕೂಡ ಅಲ್ಲ.

ಮೂರಕ್ಕೂ ಒಟ್ಟಿಗೆ ಆಗಿದೆ ಅಂದ್ರೆ ವಾಲ್ವ್ ತೆರೆದು ಮುಚ್ಚೋ ಹೊತ್ತೇ ತಪ್ಪಿರಬೇಕು. ಆ ರಾತ್ರಿಯೇ ಟೈಮಿಂಗ್ ಕವರ್ ಬಿಚ್ಚಿದೆ. ಒಳಗಿನ ಟೈಮಿಂಗ್ ಬೆಲ್ಟ್ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುತ್ತೆ, ಕ್ಯಾಮ್ ವಾಲ್ವ್ ತೆರೆಯುತ್ತೆ. ಕ್ರ್ಯಾಂಕ್ ಗುರುತು ಸರಿಯಾಗಿ ನಿಲ್ಲಿಸಿದರೆ ಕ್ಯಾಮ್ ಗುರುತು ಒಂದು ಹಲ್ಲು ಹಿಂದೆ. ಹೊಸ ಬೆಲ್ಟ್ ಹಾಕಿದ್ದು ನಾನೇ, ಆಗ ಗುರುತು ಸರಿಯಿತ್ತು. ಟೆನ್ಷನರ್ ಬಿಗಿಯುವಾಗ ಕ್ಯಾಮ್ ಜಾರಿದೆ. ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಬೇಕಿತ್ತು. ಅದನ್ನು ಮಾಡಿರಲಿಲ್ಲ. ಈ ಎಂಜಿನ್‌ನಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ತಿರುಗೋದೂ ಕ್ಯಾಮ್‌ನಿಂದಲೇ. ವಾಲ್ವ್ ತಡ, ಕಿಡಿಯೂ ತಡ. ಎಳೆತ ಹೋಗಿದ್ದು, ಬಿಸಿ ಏರಿದ್ದು, ಪೆಟ್ರೋಲ್ ಕುಡಿದಿದ್ದು, ಮೂರಕ್ಕೂ ಕಾರಣ ಆ ಒಂದು ಹಲ್ಲು.

ಸರಿ ಮಾಡಿ ಗೇಜ್ ಹಾಕಿದರೆ ಮೂರೂ 165ರ ಆಸುಪಾಸು. ಟ್ಯಾಪೆಟ್ ಸೆಟ್ ಮಾಡಿದೆ, ಡಿಸ್ಟ್ರಿಬ್ಯೂಟರನ್ನು ಟೈಮಿಂಗ್ ಲೈಟ್ ಇಲ್ಲದೆ ಕಿವಿಯಲ್ಲೇ ಕೂರಿಸಿದೆ. ಅದನ್ನು ಬರೆದು ಹೇಳೋಕೆ ಆಗಲ್ಲ, ಬಂದರೆ ತೋರಿಸುತ್ತೇನೆ.

ಸುಮ್ನೆ ಹೋದ ದುಡ್ಡೂ ಸೇರಿ ಒಟ್ಟು ಖರ್ಚು 26 ಸಾವಿರದ ಹತ್ತಿರ. ಬಾಟಲಿ ಮೈಲೇಜ್ ಈಗ 17ರ ಮೇಲೆ. ಹೋದ ತಿಂಗಳು ನಾಲ್ಕು ಜನ ಕೂತು, ಲಗೇಜ್ ಹಾಕಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಶಿರಾಡಿ ಹತ್ತಿಸಿದೆವು. ಲಾರಿಗಳ ಹಿಂದೆ ಎರಡನೇ ಗೇರಿನಲ್ಲೇ ಜಾಸ್ತಿ ಹೊತ್ತು. ಮುಳ್ಳು ಅರ್ಧ ದಾಟಲಿಲ್ಲ. ದೋಣಿಗಾಲ್ ಹತ್ತಿರ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ಎಲ್ಲೂ ಒಂದು ಹನಿ ಸೋರಿಕೆ ಇರಲಿಲ್ಲ.