ಪಂಪಿನ ತಾರೀಕು ತಪ್ಪಿತ್ತು

ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಉಪಕರಣಗಳ ರಿಪೇರಿ ನನ್ನ ಕೆಲಸ. ರೋಗಿಗೆ ಔಷಧಿಯನ್ನು ಅಳತೆಯಲ್ಲಿ ಹರಿಸುವ ಇನ್‌ಫ್ಯೂಷನ್ ಪಂಪ್‌ಗಳ ಡ್ರಗ್ ಲೈಬ್ರರಿಯನ್ನು ವೈಫೈ ಮೂಲಕ ಅಪ್‌ಡೇಟ್ ಮಾಡಿದ್ದೆವು. ಐಸಿಯುನ ಒಂದು ಪಂಪ್ ಮಾತ್ರ ಹಳೇ ಲೈಬ್ರರಿಯಲ್ಲೇ ಉಳಿಯಿತು. ಯಾವ ಔಷಧಿಯನ್ನು ಎಷ್ಟು ವೇಗದಲ್ಲಿ ಕೊಡಬಹುದು ಎಂಬ ಮಿತಿ ಇರುವುದೇ ಅದರಲ್ಲಿ. ಹಳೆಯದು ಉಳಿದರೆ ಅಪಾಯ ಅಲ್ವಾ?

"ಸರ್, ಸುಮ್ನೆ ಆಫ್ ಮಾಡಿ ಆನ್ ಮಾಡಿದ್ರೆ ಆಗಲ್ವಾ?" ಎಂದರು ಸಿಸ್ಟರ್. ಕೇಳಿದ್ದು ಸರಿಯೇ. ಕೆಲವು ಪಂಪ್‌ಗಳು ಲೈಬ್ರರಿ ಇಳಿಸಿಕೊಂಡರೂ, ಆಫ್ ಮಾಡಿ ಆನ್ ಮಾಡುವವರೆಗೆ ಅದನ್ನು ಬಳಸುವುದಿಲ್ಲ. ಆದರೆ ರೋಗಿಗೆ ಹಾಕಿರುವಾಗ ಹಾಗೆ ಮಾಡಬಾರದು. ಬೇರೆ ಪಂಪ್ ಹಾಕಿಸಿ, ಇದಕ್ಕೆ 'ಬಳಸಬೇಡಿ' ಚೀಟಿ ಅಂಟಿಸಿ ತಂದೆ. ಆಫ್ ಮಾಡಿ ಆನ್ ಮಾಡಿದೆ. ಊಹೂಂ.

ಸಿಗ್ನಲ್ ಚೆನ್ನಾಗಿತ್ತು. ಪಂಪ್ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್ ತೆಗೆದು ನೋಡಿದರೆ, ಲೈಬ್ರರಿ ಕಳಿಸುವ ಸರ್ವರ್‌ನ ಸರ್ಟಿಫಿಕೇಟನ್ನು, ಅಂದರೆ ಅದರ ಡಿಜಿಟಲ್ ಗುರುತುಪತ್ರವನ್ನು, ಪಂಪ್ ಒಪ್ಪುತ್ತಲೇ ಇರಲಿಲ್ಲ. ಆಗ ಕಣ್ಣಿಗೆ ಬಿತ್ತು ತಾರೀಕು: 1 ಜನವರಿ 2000. ತಿಂಗಳುಗಟ್ಟಲೆ ಸ್ಟೋರ್‌ನಲ್ಲಿದ್ದು, ಈಚೆಗೆ ಹೊರಬಂದ ಪಂಪ್ ಅದು. ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ ಖಾಲಿಯಾಗಿತ್ತು. ಸರ್ಟಿಫಿಕೇಟಿಗೆ ಮುಗಿಯುವ ತಾರೀಕಿನಂತೆ ಶುರುವಾಗುವ ತಾರೀಕೂ ಇರುತ್ತದೆ. ಪಂಪಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇರಲಿಲ್ಲ.

ಬ್ಯಾಟರಿ ಬದಲಿಸಿ ತಾರೀಕು, ಸಮಯ ಸರಿಮಾಡಿದೆ. ಲೈಬ್ರರಿ ಇಳಿಯಿತು. ಅಷ್ಟಕ್ಕೇ ವಾರ್ಡಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ವರ್ಷನ್ ನಂಬರನ್ನು ಬೇರೆ ಪಂಪಿನ ಜೊತೆ ಹೋಲಿಸಿದೆ. ಗಂಟೆಗೆ 100 ಮಿ.ಲೀ. ವೇಗದಲ್ಲಿ ಅರ್ಧ ಗಂಟೆ ಓಡಿಸಿ, ಅಳತೆ ಜಾಡಿಗೆ 50 ಮಿ.ಲೀ. ಬಿತ್ತೇ ಎಂದು ನೋಡಿದೆ. ಪೈಪ್ ಒತ್ತಿ ಹಿಡಿದು ಅಲಾರಂ ಕೇಳಿಸಿಕೊಂಡೆ. ಆಮೇಲೆ ಚೀಟಿ ಕಿತ್ತೆ.

ಈಗ ಸ್ಟೋರ್‌ನಿಂದ ಬರುವ ಪ್ರತಿ ಪಂಪಿನಲ್ಲೂ ಮೊದಲು ತಾರೀಕು ನೋಡುತ್ತೇನೆ.