ಲ್ಯಾಟಿನ್ ಧ್ಯೇಯವಾಕ್ಯವನ್ನು ಬಿಡಿಸಿ ಓದುವ ಬಗೆ

ಮಂಗಳೂರಿನ ಬಾವುಟಗುಡ್ಡೆಯಲ್ಲಿರುವ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಲಾಂಛನದಲ್ಲಿ ‘ಲೂಚೆತ್ ಎತ್ ಆರ್ದೆತ್’ ಎಂಬ ಲ್ಯಾಟಿನ್ ಮಾತಿದೆ. ನಡುವಿನ ‘ಎತ್’ ಎಂದರೆ ‘ಮತ್ತು’. ಉಳಿದೆರಡು ‘ಬೆಳಗುತ್ತದೆ’, ‘ಉರಿಯುತ್ತದೆ’ ಎಂಬ ಕ್ರಿಯಾಪದಗಳು. ನಮ್ಮ ‘ಬಂದನು’ ಎಂಬಲ್ಲಿರುವಂತೆ ಕರ್ತೃವಿನ ಸುಳಿವು ಪ್ರತ್ಯಯದಲ್ಲಿಯೇ ಅಡಗಿರುವುದರಿಂದ, ನಿಘಂಟನ್ನು ತೆರೆಯುವ ಮೊದಲು ಪದದ ಕೊನೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಶಾಲೆಯಲ್ಲಿ ವಿಭಕ್ತಿಗಳನ್ನು ಉರುಹೊಡೆದವರಿಗೆ ಇದು ಕಷ್ಟವಲ್ಲ.

ಶಕ್ತಿಯನ್ನು ಹೇಳುವ ವಾಕ್ಯಗಳಲ್ಲಿ ಮತ್ತೆ ಮತ್ತೆ ಬರುವ ಪದ ‘ವಿರ್ತೂಸ್’. ಇದರ ಮೂಲವಾದ ‘ವಿರ್’ ಎಂದರೆ ಗಂಡಸು. ಸಂಸ್ಕೃತದ ‘ವೀರ’ ಅದರ ಜ್ಞಾತಿಪದ. ಆದ್ದರಿಂದ ಇದನ್ನು ಬರಿಯ ‘ಸದ್ಗುಣ’ವೆಂದು ಅನುವಾದಿಸಿದರೆ ಒಳಗಿನ ಕೆಚ್ಚು ಕಳೆದುಹೋಗುತ್ತದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ‘ವಿರ್ತೂತೆ ಎತ್ ಆರ್ಮಿಸ್’ ಎಂಬ ವಾಕ್ಯದಲ್ಲಿ ಅದೇ ಪದ ರೂಪ ಬದಲಿಸಿ ನಮ್ಮ ತೃತೀಯಾ ವಿಭಕ್ತಿಯ ಕೆಲಸ ಮಾಡುತ್ತದೆ: ಶೌರ್ಯದಿಂದ ಮತ್ತು ಆಯುಧಗಳಿಂದ. ‘ವಿಸ್ ಉನೀತಾ ಫೋರ್ತಿಯೊರ್’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ‘ಅವರು ವೈದ್ಯರು’ ಎನ್ನುವಾಗ ನಾವು ಮಾಡುವಂತೆಯೇ ಅದನ್ನು ಬಿಟ್ಟು, ‘ಒಗ್ಗೂಡಿದ ಬಲ ಹೆಚ್ಚು ಬಲವುಳ್ಳದ್ದು’ ಎಂದು ಓದಬೇಕು.

ನಿಷ್ಠೆಗೆ ‘ಫಿದೇಸ್’ ಎಂಬ ಪದವಿದೆ. ಇಗರ್ಜಿಯ ಸಂದರ್ಭದಲ್ಲಿ ಅದು ದೇವರ ಮೇಲಿನ ವಿಶ್ವಾಸ, ಸೈನ್ಯದ ಲಾಂಛನದಲ್ಲಿ ಕೊಟ್ಟ ಮಾತಿಗೆ ತಪ್ಪದಿರುವಿಕೆ. ಎಲ್ಲಿ ಬರೆದಿದೆ ಎಂಬುದನ್ನು ನೋಡದೆ ಅರ್ಥ ಹೇಳಬಾರದು. ನ್ಯೂಯಾರ್ಕ್ ಪೊಲೀಸರ ‘ಫಿದೇಲಿಸ್ ಆದ್ ಮೋರ್ತೆಮ್’ ಎಂಬುದರಲ್ಲಿ ‘ಆದ್’ ನಾಮಪದದ ಮುಂದೆ ನಿಂತಿದೆ. ಕನ್ನಡದಲ್ಲಿ ಅದು ಹಿಂದೆ ಸರಿದು ‘ಮರಣದವರೆಗೆ ನಿಷ್ಠ’ ಎಂದಾಗುತ್ತದೆ.

ಅಮೆರಿಕದ ಮರೀನ್ ದಳ 1883ರಿಂದ ಬಳಸುತ್ತಿರುವ ‘ಸೆಂಪೆರ್ ಫಿದೇಲಿಸ್’, ಅಂದರೆ ‘ಸದಾ ನಿಷ್ಠ’, ಎಲ್ಲರಿಗೂ ಪರಿಚಿತ. ಮಲ್ಪೆಯ ನಮ್ಮ ಕಬಡ್ಡಿ ತಂಡದ ಅಂಗಿಗಳಿಗೂ ಬ್ಯಾನರಿಗೂ ನಾನು ಬರೆದುಕೊಟ್ಟದ್ದು ಇದನ್ನೇ. ಅಚ್ಚಾದ ಮೇಲೆ ತಪ್ಪು ಹೊಳೆಯಿತು: ‘ಫಿದೇಲಿಸ್’ ಏಕವಚನ, ಹಲವರು ಸೇರಿ ‘ನಾವು’ ಎನ್ನುವಾಗ ‘ಫಿದೇಲೇಸ್’ ಆಗಬೇಕು. ಒಂದೇ ಅಕ್ಷರದ ವ್ಯತ್ಯಾಸವಾದ್ದರಿಂದ ಬ್ಯಾನರಿನ ಮೇಲೆ ಬಣ್ಣ ಬಳಿದು ತಿದ್ದಿದೆವು. ಅಂಗಿಗಳನ್ನು ಮುಟ್ಟಲಿಲ್ಲ, ಒಂದು ಅಂಗಿಯೊಳಗೆ ಒಬ್ಬನೇ ಇರುತ್ತಾನೆ.