ರಿಲೇ ಪದೇ ಪದೇ ಕೈಕೊಡುತ್ತಿದೆಯಾ? ಹೊಸದು ಹಾಕುವ ಮುಂಚೆ ಇಷ್ಟು ನೋಡಿ

ಕಾರಿನ ರೇಡಿಯೇಟರ್ ಫ್ಯಾನ್ ನಿಂತುಹೋಗುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಬದಲಾಯಿಸಿದರೆ ಸರಿಹೋಗುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಗೋಳು. ರಿಲೇ ತಾನಾಗೇ ಕೆಡುವುದು ಅಪರೂಪ. ಮತ್ತೆ ಮತ್ತೆ ಹೋಗುತ್ತಿದೆ ಅಂದರೆ ಯಾವುದೋ ಅದನ್ನು ಸುಡುತ್ತಿದೆ, ಅದನ್ನು ಹುಡುಕಬೇಕು.

ರಿಲೇಯ ತಳದಲ್ಲಿ ಪಿನ್ನುಗಳ ಪಕ್ಕ ನಂಬರ್ ಇರುತ್ತದೆ. 85 ಮತ್ತು 86, ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್‌ನವು. 30ಕ್ಕೆ ಬ್ಯಾಟರಿಯಿಂದ ಪವರ್ ಬರುತ್ತದೆ, 87ರಿಂದ ಫ್ಯಾನಿಗೋ ಲೈಟಿಗೋ ಹೋಗುತ್ತದೆ. 12 ವೋಲ್ಟಿನ ಕಾಯಿಲ್‌ಗೆ ಸುಮಾರು 150-200 ಮಿಲಿಆಂಪ್ ಸಾಕು. ಆ ಕಾಯಿಲ್ ಎಳೆದಾಗ 30 ಮತ್ತು 87ನ್ನು ಕೂಡಿಸುವ ಲೋಹದ ತುದಿಗಳೇ ಕಾಂಟ್ಯಾಕ್ಟ್. ಕಾಂಟ್ಯಾಕ್ಟ್‌ಗಳ ಮೂಲಕ ಹರಿಯುವುದು ಮಾತ್ರ 20-30 ಆಂಪ್. ಹಾಗಾಗಿ ಏಟು ಬೀಳುವುದು ಕಾಂಟ್ಯಾಕ್ಟ್‌ಗಳಿಗೇ ಜಾಸ್ತಿ.

ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ತಣ್ಣಗಿರುವ ಹ್ಯಾಲೊಜೆನ್ ಬಲ್ಬೂ ಅಷ್ಟೇ. ಕಾಂಟ್ಯಾಕ್ಟ್ ಕೂಡುವಾಗ ಒಂದೆರಡು ಸಲ ಪುಟಿಯುತ್ತದೆ. ಆಗ ಕಿಡಿ ಹಾರಿ, ಲೋಹ ಕರಗಿ, ಎರಡೂ ಅಂಟಿಕೊಂಡುಬಿಡಬಹುದು. ಕೀ ತೆಗೆದರೂ ಫ್ಯಾನ್ ನಿಲ್ಲದೆ ಬ್ಯಾಟರಿ ಖಾಲಿಯಾಗುವುದು ಹೀಗೆಯೇ. (ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ಕೆಲವು ನಿಮಿಷ ಓಡುತ್ತದೆ. ಅದು ದೋಷವಲ್ಲ, ಗಾಬರಿ ಬೇಡ.)

ಮೊದಲು ಕೀ ತೆಗೆದು, ರಿಲೇಯನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ತಳ ತಿರುಗಿಸಿ ನೋಡಿ. 30 ಅಥವಾ 87ರ ಸುತ್ತ ಪ್ಲಾಸ್ಟಿಕ್ ಕಂದಿದೆಯಾ, ಕರಗಿದೆಯಾ? ಪಿನ್ ಬಣ್ಣಗೆಟ್ಟಿದೆಯಾ? ಹಾಗಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ಆ ಜಾಗದಲ್ಲಿ ಬರೀ 0.05 ಓಮ್ ತಡೆ ಇದ್ದು 20 ಆಂಪ್ ಹರಿದರೆ 20 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ತುದಿಯನ್ನು ಸಾಕೆಟ್ಟಿಗೆ ಒತ್ತಿ ಹಿಡಿದ ಹಾಗೆ! ಅಂಥ ಸಾಕೆಟ್ಟಿಗೆ ಎಷ್ಟು ಒಳ್ಳೆಯ ರಿಲೇ ಹಾಕಿದರೂ ಸುಡುತ್ತದೆ. ಸಾಕೆಟ್ಟಿನೊಳಗೆ ಪಿನ್ ಹಿಡಿಯುವ ಲೋಹದ ಟರ್ಮಿನಲ್ ಬದಲಾಯಿಸಿ, ವೈರಿಗೆ ಸರಿಯಾಗಿ ಒತ್ತಿ ಬಿಗಿಸಿ ಕ್ರಿಂಪ್ ಮಾಡಿಸಿ.

‘ಟಿಕ್’ ಸದ್ದು ಬಂದರೆ ರಿಲೇ ಚೆನ್ನಾಗಿದೆ ಅಂತ ಸುಮ್ನೆ ಬಿಡುವವರು ಬಹಳ. ಆ ಸದ್ದು ಹೇಳುವುದು ಕಾಯಿಲ್ ಕೆಲಸ ಮಾಡುತ್ತಿದೆ ಅಂತ ಮಾತ್ರ. ಕಾಂಟ್ಯಾಕ್ಟ್ ಸುಟ್ಟು ಕರಿಹಿಡಿದಿದ್ದರೂ ಟಿಕ್ ಅನ್ನುತ್ತದೆ. ಟಿಕ್ ಟಿಕ್ ಅಂತ ಬಿಡದೆ ಬಡಿದುಕೊಂಡರೆ ಬ್ಯಾಟರಿ ವೋಲ್ಟೇಜ್ ಇಳಿದಿರಬಹುದು, ಇಲ್ಲವೇ ಅರ್ಥ್ ಸರಿಯಿಲ್ಲದಿರಬಹುದು.

ಆಮೇಲೆ ಮಲ್ಟಿಮೀಟರ್. ಹೊರತೆಗೆದ 12 ವೋಲ್ಟಿನ ರಿಲೇಯಲ್ಲಿ 85-86ರ ನಡುವೆ ಸಾಮಾನ್ಯವಾಗಿ 50ರಿಂದ 120 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. 30-87ರ ನಡುವೆ ಸಂಪರ್ಕ ಇರಲೇಬಾರದು, ಇದ್ದರೆ ಅಂಟಿಕೊಂಡಿದೆ. ನಿಜವಾದ ಪರೀಕ್ಷೆ ಮಾತ್ರ ಫ್ಯಾನ್ ಓಡುತ್ತಿರುವಾಗಲೇ. ಮೀಟರನ್ನು ಡಿಸಿ ವೋಲ್ಟಿಗಿಟ್ಟು, ಸಾಕೆಟ್ಟಿನ ಹಿಂಬದಿಯಿಂದ 30 ಮತ್ತು 87ರ ವೈರುಗಳಿಗೆ ತಾಗಿಸಿ. 0.2 ವೋಲ್ಟಿನೊಳಗೆ ಇದ್ದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ರಿಲೇಯೋ ಸಾಕೆಟ್ಟೋ ಹೋಗಿದೆ. ಕೈ, ಬಟ್ಟೆ ಫ್ಯಾನಿನಿಂದ ದೂರ ಇರಲಿ.

ಇವೆಲ್ಲ ಸರಿಯಿದ್ದೂ ರಿಲೇ ಹೋಗುತ್ತಿದ್ದರೆ, ಫ್ಯಾನ್ ಮೋಟಾರನ್ನೇ ಅನುಮಾನಿಸಿ. ಬೇರಿಂಗ್ ಬಿಗಿಯಾದ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ (ವೈರನ್ನು ಬಿಚ್ಚದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದರೆ ಗುಟ್ಟು ರಟ್ಟಾಗುತ್ತದೆ. ಫ್ಯೂಸ್ ಹಾರುತ್ತಿದೆ ಅಂತ ದೊಡ್ಡ ಫ್ಯೂಸ್ ಹಾಕುವುದು ಮಾತ್ರ ಬೇಡವೇ ಬೇಡ. ಆಗ ಫ್ಯೂಸ್ ಬದಲು ವೈರೇ ಸುಡುತ್ತದೆ.

ಹೊಸ ರಿಲೇ ತರುವಾಗ ಹಳೆಯದರ ವೋಲ್ಟ್, ಆಂಪ್, ಪಿನ್ ಜೋಡಣೆ ಮೂರನ್ನೂ ಹೋಲಿಸಿ. ಹೊರಗಿನ ಆಕಾರ ಒಂದೇ ಇದ್ದರೆ ಸಾಲದು. ಲಾರಿಯ 24 ವೋಲ್ಟಿಗೆ 12ರ ರಿಲೇ ಹಾಕಿದರೆ ಕಾಯಿಲ್ ಸುಡುತ್ತದೆ. ಕಾಯಿಲ್‌ಗೆ ಅಡ್ಡವಾಗಿ ಡಯೋಡ್ ಅಥವಾ ರೆಸಿಸ್ಟರ್ ಇದ್ದ ಕಡೆ ಅಂಥದ್ದೇ ಬೇಕು. ಕಾಯಿಲ್ ಆಫ್ ಆಗುವಾಗ ಚಿಮ್ಮುವ ವೋಲ್ಟೇಜಿನಿಂದ ಇಸಿಯುವನ್ನು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು) ಕಾಯುವುದು ಅದೇ. ಡಯೋಡ್ ಇರುವ ರಿಲೇಗೆ ಪ್ಲಸ್ ಮೈನಸ್ ಅದಲು ಬದಲಾಗಬಾರದು.

ಹಳೆಯದನ್ನು ಬಿಚ್ಚಿ, ಕಾಂಟ್ಯಾಕ್ಟನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕುವವರೂ ಇದ್ದಾರೆ. ಮೇಲಿನ ಬೆಳ್ಳಿಯ ಪದರವೇ ಸವೆದುಹೋಗುತ್ತದೆ, ಅಲ್ವಾ? ದಾರಿ ಮಧ್ಯೆ ಸಿಕ್ಕಿಬಿದ್ದಾಗ ಸರಿ, ಮನೆ ತಲುಪಿದ ಮೇಲೆ ಬದಲಾಯಿಸಿ.

ಹೆಚ್ಚುವರಿ ಲೈಟು, ಹಾರ್ನಿಗೆ ನೀವೇ ರಿಲೇ ಕೂರಿಸುವುದಾದರೆ ಎಕ್ಸಾಸ್ಟ್ ಶಾಖದಿಂದ ದೂರ, ಪಿನ್ ಕೆಳಮುಖವಾಗಿ ಕೂರಿಸಿ. ವೈರು ಸಾಕೆಟ್ಟಿಗಿಂತ ಸ್ವಲ್ಪ ಕೆಳಗಿಳಿದು ಆಮೇಲೆ ಮೇಲೇರಲಿ. ಆಗ ಮಳೆ ನೀರು ವೈರಿನ ಗುಂಟ ಪಿನ್ನಿನವರೆಗೆ ಹೋಗದೆ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.